ಕೆಂಪು ಬುಲೆಟ್‌ನ ಕೊನೆಯ ಓಟ

ಫುಟ್‌ಬಾಲ್‌ನಲ್ಲಿ ವಿಂಗರ್‌ನ ಜಾಗ ಮೈದಾನದ ಅಂಚು. ಗೆರೆಯ ಪಕ್ಕದಲ್ಲೇ ಓಡಬೇಕು, ಡಿಫೆಂಡರ್‌ನನ್ನು ದಾಟಬೇಕು, ಚೆಂಡನ್ನು ಗೋಲಿನ ಮುಂದಕ್ಕೆ ತಲುಪಿಸಬೇಕು. ಗೋಲು ಹೊಡೆದ ಕೀರ್ತಿ ಹೆಚ್ಚಾಗಿ ಬೇರೆಯವರದು. ಆದರೆ 1930ರ ದಶಕದ ಸ್ಪೇನ್‌ನಲ್ಲಿ ಎಡ ಅಂಚಿನಿಂದ ನುಗ್ಗಿ ತಾನೇ ಗೋಲು ಹೊಡೆಯುತ್ತಿದ್ದವನೊಬ್ಬನಿದ್ದ. ಹೆಸರು ಗಿಯೆರ್ಮೊ ಗೊರೊಸ್ತಿಸಾ. ಅವನ ವೇಗ ಕಂಡು ಜನ ‘ಕೆಂಪು ಬುಲೆಟ್’ ಎಂದು ಕರೆದರು.

1909ರಲ್ಲಿ ಬಾಸ್ಕ್ ಪ್ರದೇಶದ ಬಂದರು ಊರು ಸಂತುರ್ತ್ಸಿಯಲ್ಲಿ ಹುಟ್ಟಿದ ಗೊರೊಸ್ತಿಸಾ, 1929ರಲ್ಲಿ ಪಕ್ಕದ ನಗರದ ಅಥ್ಲೆಟಿಕ್ ಬಿಲ್ಬಾವೊ ತಂಡ ಸೇರಿದ. ಅಲ್ಲಿ ಕೋಚ್ ಆಗಿದ್ದವರು ಇಂಗ್ಲೆಂಡಿನ ಫ್ರೆಡ್ ಪೆಂಟ್‌ಲೆಂಡ್. ಚೆಂಡನ್ನು ಎತ್ತಿ ಒದೆಯುವುದಕ್ಕಿಂತ ನೆಲದ ಮೇಲಿನ ಚುಟುಕು ಪಾಸ್‌ಗಳನ್ನು ನಂಬಿದವರು. ಮೊದಲ ಋತುವಿನಲ್ಲೇ ತಂಡ 18 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದವನು ಗೊರೊಸ್ತಿಸಾ! 1932ರಲ್ಲಿ ಮತ್ತೆ ಅದೇ ಗೌರವ. 1930ರಿಂದ 1936ರ ಒಳಗೆ ಬಿಲ್ಬಾವೊಗೆ ನಾಲ್ಕು ಲೀಗ್, ನಾಲ್ಕು ಕಪ್ ಒಲಿದವು. 1934ರ ವಿಶ್ವಕಪ್‌ನಲ್ಲೂ ಅವನು ಸ್ಪೇನ್ ಪರ ಆಡಿದ.

ಅಷ್ಟರಲ್ಲಿ ಅಂತರ್ಯುದ್ಧ ಬಂತು. 1937ರಲ್ಲಿ ಬಾಸ್ಕ್ ಆಟಗಾರರು ತಂಡ ಕಟ್ಟಿ, ತಮ್ಮ ನೆಲಕ್ಕಾಗಿ ಹಣ ಮತ್ತು ಬೆಂಬಲ ಕೇಳುತ್ತಾ ಯುರೋಪ್ ಪ್ರವಾಸ ಹೊರಟರು. ಆ ಏಪ್ರಿಲ್‌ನಲ್ಲೇ ಗೆರ್ನಿಕಾ ಪಟ್ಟಣ ಬಾಂಬ್‌ಗಳಿಗೆ ಸುಟ್ಟುಹೋಯಿತು, ಜೂನ್‌ನಲ್ಲಿ ಬಿಲ್ಬಾವೊ ಫ್ರಾಂಕೊ ಸೈನ್ಯದ ವಶವಾಯಿತು. ತಂಡ ಮುಂದೆ ಮೆಕ್ಸಿಕೊಗೆ ಹೋಯಿತು. ಹಲವರ ಪಾಲಿಗೆ ಅದು ದೇಶಭ್ರಷ್ಟ ಬದುಕು. ಗೊರೊಸ್ತಿಸಾ ಮಾತ್ರ ನಡುವೆಯೇ ಮರಳಿ, ಫ್ರಾಂಕೊ ಪಕ್ಷ ಸೇರಿದ. ಜೊತೆಗಾರರ ದಾರಿಯೇ ಬೇರೆ, ಅವನ ದಾರಿಯೇ ಬೇರೆ ಆಯಿತು.

1940ರಲ್ಲಿ ವೆಲೆನ್ಸಿಯಾ ಕ್ಲಬ್ ಅವನನ್ನು ಕರೆಸಿಕೊಂಡಿತು. ವಯಸ್ಸು ಮೂವತ್ತೊಂದು, ಮುಗಿಯಿತು ಅನ್ನುವ ಹೊತ್ತು. ಆದರೆ ಎಪಿ, ಅಮಾದೆಯೊ, ಮುಂಡೊ, ಅಸೆನ್ಸಿ, ಗೊರೊಸ್ತಿಸಾ ಎಂಬ ಐವರ ‘ವಿದ್ಯುತ್ ಮುಂಚೂಣಿ’ ಕ್ಲಬ್‌ನ ಚರಿತ್ರೆಯನ್ನೇ ಬದಲಿಸಿತು. 1941ರಲ್ಲಿ ವೆಲೆನ್ಸಿಯಾಕ್ಕೆ ಮೊದಲ ಕಪ್, 1942ರಲ್ಲಿ ಮೊದಲ ಲೀಗ್, 1944ರಲ್ಲಿ ಇನ್ನೊಂದು.

1946ರಲ್ಲಿ ಆ ಕ್ಲಬ್ ಬಿಟ್ಟಾಗ ಅವನಿಗೆ ಮೂವತ್ತೇಳು. ಆಮೇಲೆ ಉಳಿದದ್ದು ಇಪ್ಪತ್ತು ವರ್ಷ. ಸಣ್ಣ ಕ್ಲಬ್‌ಗಳಲ್ಲಿ ಕೆಲಕಾಲ ಆಡಿದ. ಕುಡಿತ ಅಂಟಿಕೊಂಡಿತು, ಹಣ ಕರಗಿತು, ಆರೋಗ್ಯ ಕೈಕೊಟ್ಟಿತು. ನಿರ್ದೇಶಕ ಮಾನ್ವೆಲ್ ಸಮರ್ಸ್, ಜನ ಮರೆತ ಹಳೆಯ ತಾರೆಯರ ಬಗ್ಗೆ ತೆಗೆದ ಚಿತ್ರದಲ್ಲಿ ಅವನನ್ನೂ ತೋರಿಸಿದ. ಚಿತ್ರದ ಹೆಸರಿನ ಅರ್ಥ ‘ಮುರಿದ ಆಟಿಕೆಗಳು’. ಅದು ತೆರೆಕಂಡ 1966ರಲ್ಲೇ, ಬಿಲ್ಬಾವೊದ ಆರೋಗ್ಯಧಾಮವೊಂದರಲ್ಲಿ ಗೊರೊಸ್ತಿಸಾ ಕಡುಬಡತನದಲ್ಲಿ ತೀರಿಕೊಂಡ.

ಆರು ಲೀಗ್, ಐದು ಕಪ್ ಗೆದ್ದವನ ಕೊನೆ ಇದು. ತಪ್ಪೆಲ್ಲ ಅವನದೇ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಆಟಗಾರನ ಆಟ ನಿಲ್ಲುವುದು ಬದುಕಿನ ಅರ್ಧದಾರಿಯಲ್ಲಿ. ಅಲ್ಲಿಂದಾಚೆ ಚಪ್ಪಾಳೆ ಇರುವುದಿಲ್ಲ, ಹಸಿವು ಇರುತ್ತದೆ. ಇಂದು ನಾವು ಕೂಗಿ ಹುರಿದುಂಬಿಸುವ ಹುಡುಗ ನಾಳೆ ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಅವನೂ ಕೇಳಿಕೊಳ್ಳಬೇಕು, ಅವನಿಂದ ಗೆಲುವು ಪಡೆದ ಕ್ಲಬ್ಬೂ ಕೇಳಿಕೊಳ್ಳಬೇಕು, ಗ್ಯಾಲರಿಯಲ್ಲಿ ಕುಳಿತ ನಾವೂ.