ಅಗ್ಗದ ಆಟಿಕೆಗಳ ಅರಸ ಲೂಯಿ ಮಾರ್ಕ್ಸ್

ರಥಸಪ್ತಮಿಗೆ ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ, ಶಿವರಾತ್ರಿಯ ಸಮಯಕ್ಕೆ ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ, ರಾಮನವಮಿಗೆ ಭಟ್ಕಳದಲ್ಲಿ ತೇರು ಎಳೆಯುತ್ತಾರೆ. ತೇರಿನ ಪೇಟೆಯಲ್ಲಿ ಮಗುವಿನ ಕಣ್ಣು ಮೊದಲು ಹೊರಳುವುದು ಆಟಿಕೆಯ ಅಂಗಡಿಯತ್ತ, ತಾಯಿಯ ಕೈ ಹೋಗುವುದು ಸೆರಗಿನ ಗಂಟಿನತ್ತ. ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆಯೋ, ನೀರಿನಲ್ಲಿ ಪಟಪಟನೆ ಓಡುವ ದೋಣಿಯೋ, ಆ ಗಂಟಿನಲ್ಲಿರುವ ಚಿಲ್ಲರೆಗೆ ಸಿಗುವುದಾದರೆ ಮಾತ್ರ ಮನೆಗೆ ಬರುತ್ತದೆ. ಈ ಚಿಲ್ಲರೆಯ ಲೆಕ್ಕವನ್ನೇ ನಂಬಿ ಜಗತ್ತಿನ ಅತಿ ದೊಡ್ಡ ಆಟಿಕೆ ಕಂಪನಿಯನ್ನು ಕಟ್ಟಿದ ವ್ಯಕ್ತಿ ಅಮೆರಿಕದ ಲೂಯಿ ಮಾರ್ಕ್ಸ್. ಕಾರ್ಲ್ ಮಾರ್ಕ್ಸ್‌ಗೂ ಈತನಿಗೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ವಿಚಾರದಲ್ಲಂತೂ ಇಬ್ಬರೂ ಎರಡು ಧ್ರುವ.

ಮಾರ್ಕ್ಸ್ ಜನಿಸಿದ್ದು 1896ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಜರ್ಮನ್ ಯಹೂದಿ ಕುಟುಂಬವೊಂದರಲ್ಲಿ. ಶಾಲೆ ಬೇಗ ಮುಗಿಯಿತು. ಹದಿನಾರರ ಹರೆಯದಲ್ಲೇ ಯಾಂತ್ರಿಕ ಆಟಿಕೆಗಳ ತಯಾರಕ ಫರ್ಡಿನಾಂಡ್ ಸ್ಟ್ರಾಸ್‌ನ ಬಳಿ ಕೆಲಸಕ್ಕೆ ಸೇರಿದ ಹುಡುಗ ನಾಲ್ಕೇ ವರ್ಷಗಳಲ್ಲಿ ಕಾರ್ಖಾನೆಯೊಂದರ ಉಸ್ತುವಾರಿ ವಹಿಸಿಕೊಂಡ. ಸ್ವಂತ ಚಿಲ್ಲರೆ ಅಂಗಡಿಗಳ ಗೊಡವೆ ಬಿಟ್ಟು ತಯಾರಿಕೆಯತ್ತಲೇ ಗಮನ ಹರಿಸಬೇಕೆಂಬುದು ಅವನ ವಾದ. ಕಂಪನಿಯ ನಿರ್ದೇಶಕರು ಅದನ್ನು ಒಪ್ಪಲಿಲ್ಲ. ವಾದಿಸಿದವನ ಕೆಲಸವೇ ಹೋಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿ ಸಾರ್ಜೆಂಟ್ ದರ್ಜೆಗೇರಿದ ಮಾರ್ಕ್ಸ್, 1919ರಲ್ಲಿ ತಮ್ಮ ಡೇವಿಡ್‌ನೊಡನೆ ಸ್ವಂತ ಕಂಪನಿ ತೆರೆದ. ಆಗ ಕೈಯಲ್ಲಿ ಕಾರ್ಖಾನೆ ಇರಲಿಲ್ಲ. ಆಟಿಕೆಯ ವೆಚ್ಚ ಎಲ್ಲಿ ಕಡಿಮೆ ಮಾಡಬಹುದೆಂದು ಕಂಡುಹಿಡಿದು, ಬೇರೆಯವರಿಂದ ಮಾಡಿಸಿ, ದೊಡ್ಡ ಅಂಗಡಿಗಳಿಗೆ ಒದಗಿಸುವುದಷ್ಟೇ ಅವರ ಕಸುಬಾಗಿತ್ತು. ಕೆಲ ಸಮಯದಲ್ಲೇ ಸ್ಟ್ರಾಸ್‌ನ ವ್ಯಾಪಾರ ಕುಸಿಯಿತು. ತನ್ನನ್ನು ಹೊರಹಾಕಿದ ಕಂಪನಿಯ ಅಚ್ಚುಗಳನ್ನೇ ಮಾರ್ಕ್ಸ್ ಕೊಂಡುಕೊಂಡ. ಹಗ್ಗ ಹತ್ತುವ ಜಿಪ್ಪೋ ಎಂಬ ತಗಡಿನ ಕೋತಿ ಒಂದು. ಇನ್ನೊಂದು ಕುಣಿಯುವ ಕಪ್ಪುವರ್ಣೀಯನ ಗೊಂಬೆ. ಜನಾಂಗೀಯ ಅಪಹಾಸ್ಯವೇ ಅದರ ಬಂಡವಾಳ, ಅದರ ಹೆಸರನ್ನು ಇಂದು ಮಕ್ಕಳ ಮುಂದೆ ಹೇಳುವಂತೆಯೂ ಇಲ್ಲ. ಎರಡೂ ಮಾರುಕಟ್ಟೆಯಲ್ಲಿ ಹಳತಾಗಿದ್ದ ಸರಕು. ಸಣ್ಣಪುಟ್ಟ ಬದಲಾವಣೆ ಮಾಡಿ, ಬಣ್ಣ ಬದಲಿಸಿ, ಬೆಲೆ ಇಳಿಸಿ ಬಿಟ್ಟಾಗ ಲಕ್ಷಗಟ್ಟಲೆ ಮಾರಾಟವಾದವು. ಮೂವತ್ತು ತುಂಬುವ ಮೊದಲೇ ಮಾರ್ಕ್ಸ್ ಲಕ್ಷಾಧೀಶ್ವರನಾದ.

ಅಗ್ಗದ ಗುಟ್ಟು ಇದ್ದದ್ದು ತಯಾರಿಕೆಯ ಕ್ರಮದಲ್ಲಿ. ತೆಳುವಾದ ತಗಡಿನ ಹಾಳೆಯ ಮೇಲೆ ಮೊದಲು ಬಣ್ಣದ ಚಿತ್ರವನ್ನು ಮುದ್ರಿಸುತ್ತಿದ್ದರು. ಬಳಿಕ ಯಂತ್ರದ ಅಚ್ಚಿನಲ್ಲಿ ಕತ್ತರಿಸಿ, ಒತ್ತಿ, ಬಾಗಿಸುತ್ತಿದ್ದರು. ಒಂದು ಭಾಗದ ಅಂಚಿನಲ್ಲಿರುವ ಕಿರುನಾಲಗೆಯನ್ನು ಇನ್ನೊಂದು ಭಾಗದ ಸೀಳಿನಲ್ಲಿ ತೂರಿಸಿ ಮಡಚಿದರೆ ಜೋಡಣೆ ಮುಗಿಯಿತು. ಬೆಸುಗೆ ಬೇಡ, ತಿರುಪು ಬೇಡ. ಅಚ್ಚು ತಯಾರಿಸುವುದೇ ಭಾರಿ ಖರ್ಚಿನ ಬಾಬ್ತು. ಆದ್ದರಿಂದ ಒಂದೇ ಅಚ್ಚಿಗೆ ಮುದ್ರಣವನ್ನಷ್ಟೇ ಬದಲಿಸಿ ಈ ವರ್ಷದ ಕಾರನ್ನು ಮುಂದಿನ ವರ್ಷ ಪೊಲೀಸ್ ವಾಹನವಾಗಿಸುವುದು ಮಾರ್ಕ್ಸ್‌ನ ಜಾಣ್ಮೆ. ಅದೇ ಕಾಲದಲ್ಲಿ ನಮ್ಮ ಚನ್ನಪಟ್ಟಣದ ಕುಶಲಕರ್ಮಿ ಹಾಲೆ ಮರದ ತುಂಡನ್ನು ಒಂದೊಂದಾಗಿ ತಿರುಗಣೆಗೆ ಹಿಡಿದು ಅರಗಿನ ಬಣ್ಣ ಏರಿಸುತ್ತಿದ್ದ. ಬೆಲೆಯ ಪೈಪೋಟಿಯಲ್ಲಿ ಕೈ ಎಂದೂ ಅಚ್ಚನ್ನು ಗೆಲ್ಲಲಾರದು. ಬಾಳಿಕೆಯ ಮಾತು ಬೇರೆ.

1930ರ ದಶಕದ ಮಹಾ ಆರ್ಥಿಕ ಕುಸಿತ ಅನೇಕ ಉದ್ಯಮಗಳನ್ನು ನುಂಗಿದರೂ ಮಾರ್ಕ್ಸ್ ಬೆಳೆದ. ಕೆಲಸ ಕಳೆದುಕೊಂಡ ತಂದೆಯೂ ಕ್ರಿಸ್‌ಮಸ್‌ಗೆ ಮಗುವಿನ ಕೈಗೆ ಏನಾದರೂ ಕೊಡಲೇಬೇಕಲ್ಲ! ವುಲ್ವರ್ತ್, ಸಿಯರ್ಸ್‌ನಂತಹ ಮಳಿಗೆಗಳು ಅವನ ಸರಕನ್ನು ರಾಶಿಗಟ್ಟಲೆ ಕೊಂಡವು. ಪೆನ್ಸಿಲ್ವೇನಿಯಾದ ಈರಿ ಮತ್ತು ಗಿರಾರ್ಡ್, ಪಶ್ಚಿಮ ವರ್ಜೀನಿಯಾದ ಗ್ಲೆನ್ ಡೇಲ್ ಊರುಗಳ ಕಾರ್ಖಾನೆಗಳು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟವು. ಎರಡನೆಯ ಮಹಾಯುದ್ಧದ ನಂತರ ತಗಡಿನ ಜಾಗಕ್ಕೆ ಪ್ಲಾಸ್ಟಿಕ್ ಬಂತು; ಕೋಟೆ, ಸೈನಿಕ, ಕುದುರೆಗಳ ಇಡೀ ಪ್ರಪಂಚವೇ ಒಂದು ಪೆಟ್ಟಿಗೆಯಲ್ಲಿ ಸಿಗತೊಡಗಿತು. ಜಪಾನಿನಲ್ಲಿ ಲೈನ್‌ಮಾರ್ ಎಂಬ ಅಂಗಸಂಸ್ಥೆ ಹುಟ್ಟಿತು. 1955ರ ಡಿಸೆಂಬರಿನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಮಾರ್ಕ್ಸ್‌ನ ಚಿತ್ರ ಬಂದಾಗ ಕಂಪನಿಯ ವಾರ್ಷಿಕ ವಹಿವಾಟು ಸುಮಾರು 5 ಕೋಟಿ ಡಾಲರ್. ಜಾಹೀರಾತಿಗೆ ಮಾಡುತ್ತಿದ್ದ ಖರ್ಚು ಮಾತ್ರ ಕೆಲವೇ ನೂರು ಡಾಲರ್!

ಸಾರ್ಜೆಂಟ್ ಆಗಿದ್ದವನಿಗೆ ಸೇನಾಧಿಪತಿಗಳ ಸ್ನೇಹದ ಹುಚ್ಚು ಬಹಳ. ಐಸೆನ್‌ಹೋವರ್, ಬ್ರಾಡ್ಲಿಯಂಥವರು ಅವನ ಆಪ್ತರು. ಗಂಡುಮಕ್ಕಳಿಗೆ ಇಂಥ ಜನರಲ್‌ಗಳ ಹೆಸರುಗಳನ್ನೇ ಇಟ್ಟಿದ್ದ. ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಕೂಡ ಗೆಳೆಯನೇ. ವಿಧಿ ನೋಡಿ, 1970ರಲ್ಲಿ ಮಗಳು ಕೈಹಿಡಿದದ್ದು ಡೇನಿಯಲ್ ಎಲ್ಸ್‌ಬರ್ಗ್‌ನನ್ನು. ಮರುವರ್ಷ ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳನ್ನು ಪತ್ರಿಕೆಗಳಿಗೆ ಕೊಟ್ಟು ನಿಕ್ಸನ್ ಸರ್ಕಾರವನ್ನು ನಡುಗಿಸಿದವನು ಇದೇ ಅಳಿಯ. ಮಾವನನ್ನು ವಿಚಾರಿಸಲು ಅಧಿಕಾರಿಗಳು ಅನುಮತಿ ಕೇಳಿದಾಗ ಹೂವರ್ ಬೇಡವೆಂದು ಬರೆದ ಎರಡಕ್ಷರವನ್ನು ಒಪ್ಪಿಗೆಯೆಂದು ತಪ್ಪಾಗಿ ಓದಿ ವಿಚಾರಣೆ ನಡೆಸಿಬಿಟ್ಟರೆಂಬ ಪ್ರಸಂಗ ಪ್ರಸಿದ್ಧ. ಜೀವಮಾನವಿಡೀ ಸೇನೆಯನ್ನು ಆರಾಧಿಸಿದ ಮುದುಕನಿಗೆ ಇದಕ್ಕಿಂತ ಕಹಿಯಾದುದು ಇನ್ನೇನಿದ್ದೀತು?

ಅಷ್ಟರಲ್ಲಿ ವ್ಯಾಪಾರದ ಗಾಳಿಯೂ ತಿರುಗಿತ್ತು. ದೂರದರ್ಶನದ ಜಾಹೀರಾತು ನೋಡಿ ಮಕ್ಕಳೇ ಹೆಸರು ಹಿಡಿದು ಆಟಿಕೆ ಕೇಳುವ ಕಾಲ ಬಂದಿತ್ತು. ಗುದ್ದಾಡುವ ರೋಬೋಟ್‌ಗಳು (1964), ನೆಲಕ್ಕೆ ತಾಗುವಂತೆ ಕುಳಿತು ತುಳಿಯುವ ಬಿಗ್ ವೀಲ್ ಎಂಬ ಪ್ಲಾಸ್ಟಿಕ್ ಮೂರು ಗಾಲಿಯ ಸೈಕಲ್ (1969) ಗೆದ್ದವಾದರೂ ಮಾರ್ಕ್ಸ್‌ಗೆ ವಯಸ್ಸಾಗಿತ್ತು. 1972ರಲ್ಲಿ ಓಟ್ಸ್ ತಯಾರಿಸುವ ಕ್ವೇಕರ್ ಕಂಪನಿಗೆ 5 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಎಲ್ಲವನ್ನೂ ಮಾರಿದ. ಆಟಿಕೆಯ ನಾಡಿ ಕ್ವೇಕರ್‌ಗೆ ಸಿಗಲಿಲ್ಲ. ನಾಲ್ಕೇ ವರ್ಷದಲ್ಲಿ ನಷ್ಟಕ್ಕೆ ಅದನ್ನು ಬ್ರಿಟನ್ನಿನ ಡನ್ಬಿ-ಕಾಂಬೆಕ್ಸ್‌ಗೆ ದಾಟಿಸಿತು. 1980ರ ಹೊತ್ತಿಗೆ ಆ ಸಂಸ್ಥೆಯೂ ದಿವಾಳಿಯೆದ್ದಿತು. ಅಚ್ಚುಗಳು ಚದುರಿ ಕಂಡವರ ಪಾಲಾದವು, ಒಂದು ಕಾಲಕ್ಕೆ ಸ್ಟ್ರಾಸ್‌ನ ಅಚ್ಚುಗಳು ಮಾರ್ಕ್ಸ್‌ನ ಪಾಲಾದ ಹಾಗೆಯೇ.

ತಾನು ಕಟ್ಟಿದ ಕಂಪನಿಯ ಕೊನೆಯನ್ನು ಕಣ್ಣಾರೆ ಕಂಡ ಲೂಯಿ ಮಾರ್ಕ್ಸ್ 1982ರ ಫೆಬ್ರವರಿಯಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡ. ಬಡವರ ಮಕ್ಕಳಿಗೆಂದು ಕೆಲವೇ ಸೆಂಟ್‌ಗಳಿಗೆ ಮಾರಿದ ಅವನ ತಗಡಿನ ಆಟಿಕೆಗಳನ್ನು ಈಗ ಹರಾಜಿನಲ್ಲಿ ಕೊಳ್ಳುವವರು ಶ್ರೀಮಂತ ಸಂಗ್ರಾಹಕರು.