ಬ್ರೂಟಸನ ಬೆಳ್ಳಿ ನಾಣ್ಯ

ಜೂಲಿಯಸ್ ಸೀಸರನನ್ನು ಇರಿದವರಲ್ಲೊಬ್ಬನೆಂದು ಶಾಲಾ ಮಕ್ಕಳಿಗೂ ಪರಿಚಿತನಾದ ಮಾರ್ಕಸ್ ಬ್ರೂಟಸ್ ತನ್ನ ಬಾಳಿನಲ್ಲಿ ಎರಡು ಬಾರಿ ನಾಣ್ಯ ಹೊರಡಿಸಿದ. ಆ ಎರಡರ ನಡುವೆ ಅವನ ಕಥೆಯೆಲ್ಲ ಅಡಗಿದೆ.

ಆತ ಹುಟ್ಟಿದ್ದು ಕ್ರಿ.ಪೂ. 85ರ ಸುಮಾರಿಗೆ. ರೋಮಿನಿಂದ ಅರಸರನ್ನು ಓಡಿಸಿ ಗಣರಾಜ್ಯ ಸ್ಥಾಪಿಸಿದ ಹಿರಿಯ ಬ್ರೂಟಸನ ವಂಶಜ ತಾನೆಂಬ ಅಭಿಮಾನ ಅವನಿಗೆ. ಕ್ರಿ.ಪೂ. 54ರ ಸುಮಾರಿಗೆ ಟಂಕಸಾಲೆಯ ಅಧಿಕಾರಿಯಾದಾಗ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯದ ಒಂದು ಮಗ್ಗುಲಲ್ಲಿ ಸ್ವಾತಂತ್ರ್ಯದೇವಿಯ ಮುಖವನ್ನೂ, ಇನ್ನೊಂದರಲ್ಲಿ ದಂಡಧಾರಿ ಭಟರ ನಡುವೆ ನಡೆಯುತ್ತಿರುವ ಆ ಪೂರ್ವಜನನ್ನೂ ಅಚ್ಚೊತ್ತಿಸಿದ. ಗತಿಸಿದ ಹಿರಿಯರು ನಾಣ್ಯದ ಮೇಲೆ ಬರಬಹುದು, ಬದುಕಿರುವವರು ಬರಕೂಡದು ಎಂಬುದು ಆಗಿನ ರೋಮಿನ ರೂಢಿ.

ಸ್ವಾತಂತ್ರ್ಯದ ಈ ಭಕ್ತ ಸೈಪ್ರಸಿನ ಸಲಾಮಿಸ್ ನಗರಕ್ಕೆ ಬೇರೆಯವರ ಹೆಸರಿನಲ್ಲಿ ನೂರಕ್ಕೆ 48ರ ಬಡ್ಡಿಗೆ ಸಾಲ ಕೊಟ್ಟಿದ್ದನೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಅಂತರ್ಯುದ್ಧದಲ್ಲಿ ಆತ, ತನ್ನ ತಂದೆಯನ್ನು ಕೊಲ್ಲಿಸಿದ್ದ ಪಾಂಪೆಯ ಪಕ್ಷವನ್ನೇ ಸೇರಿದ. ಕ್ರಿ.ಪೂ. 48ರಲ್ಲಿ ಆ ಪಕ್ಷ ಸೋತಿತು. ಗೆದ್ದ ಸೀಸರ್ ಅವನನ್ನು ಕ್ಷಮಿಸಿದ್ದಲ್ಲದೆ ದೊಡ್ಡ ಪದವಿಗಳನ್ನೂ ಕೊಟ್ಟ. ಆದರೆ ಕ್ರಿ.ಪೂ. 44ರ ಆರಂಭದಲ್ಲಿ ಸೀಸರ್ ಆಜೀವ ಸರ್ವಾಧಿಕಾರಿಯಾದ. ರೋಮಿನ ನಾಣ್ಯದ ಮೇಲೆ, ಬದುಕಿರುವಾಗಲೇ, ಅವನ ಮುಖ ಮೂಡಿತು. ಅರಸೊತ್ತಿಗೆ ಮರಳಿತೆಂದು ಹಲವರು ಅಂಜಿದರು. ಮಾರ್ಚ್ 15ರಂದು ಸೆನೆಟ್ ಸಭೆಯಲ್ಲಿ ಸೀಸರ್ ಹತನಾದ.

ರೋಮ್ ಬಿಟ್ಟು ಪೂರ್ವದೇಶಗಳಿಗೆ ಹೋಗಿ ಸೈನ್ಯ ಕಟ್ಟಿದ ಬ್ರೂಟಸನಿಗೆ ಸೈನಿಕರ ಸಂಬಳಕ್ಕೆ ಹಣ ಬೇಕಾಯಿತು. ಕ್ರಿ.ಪೂ. 42ರಲ್ಲಿ ಹೊರಬಂದ ಅವನ ದಿನಾರಿಯಸ್‌ನ ಹಿಂಬದಿಯಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ಒಂದು ಟೊಪ್ಪಿ. ದಾಸ್ಯದಿಂದ ಬಿಡುಗಡೆ ಹೊಂದಿದವನಿಗೆ ರೋಮಿನಲ್ಲಿ ತೊಡಿಸುತ್ತಿದ್ದ ಟೊಪ್ಪಿ ಅದು. ಕೆಳಗೆ ಮಾರ್ಚ್ 15ನ್ನು ಸೂಚಿಸುವ ಈಡ್ ಮಾರ್ ಎಂಬ ಅಕ್ಷರಗಳು. ಓದು ಬಾರದ ಸಿಪಾಯಿಗೂ ಅರ್ಥವಾಗುವ ಚಿತ್ರ: ಕಠಾರಿಗಳು ನಾಡಿನ ದಾಸ್ಯ ಕಳೆದವು. ಇನ್ನೂರು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಕೂಡ ಈ ನಾಣ್ಯವನ್ನು ಮರೆಯದೆ ದಾಖಲಿಸಿದ್ದಾನೆ.

ಆದರೆ ಅದನ್ನು ಮಗುಚಿ ನೋಡಿದರೆ? ಅಲ್ಲಿರುವುದು ದೇವಿಯಲ್ಲ, ಪೂರ್ವಜನೂ ಅಲ್ಲ. ಬದುಕಿದ್ದ ಬ್ರೂಟಸನದೇ ಮುಖ! ಸೀಸರನಲ್ಲಿ ಸಹಿಸದಿದ್ದುದನ್ನು ತಾನೇ ಮಾಡಿದ. ಸಂಬಳ ಕೊಡುವ ಧಣಿ ಯಾರೆಂದು ಸೈನ್ಯಕ್ಕೆ ತಿಳಿಯಬೇಕಿತ್ತೇನೋ.

ಅದೇ ವರ್ಷದ ಅಕ್ಟೋಬರಿನಲ್ಲಿ ಫಿಲಿಪ್ಪಿಯ ರಣರಂಗದಲ್ಲಿ ಆಂಟನಿ ಮತ್ತು ಆಕ್ಟೇವಿಯನರಿಗೆ ಸೋತು ಆತ ಕತ್ತಿಗೆ ಎದೆಯೊಡ್ಡಿ ಸತ್ತ. ಆ ಬೆಳ್ಳಿ ನಾಣ್ಯಗಳಲ್ಲಿ ಇಂದು ಉಳಿದಿರುವುದು ಸುಮಾರು ನೂರು. ಆಕ್ಟೇವಿಯನ್ ಮುಂದೆ ಆಗಸ್ಟಸ್ ಚಕ್ರವರ್ತಿಯಾದ. ಅವನ ಮುಖವಿರುವ ದಿನಾರಿಯಸ್‌ಗಳು ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲೂ ಸಿಕ್ಕಿವೆ.