ವೈಮಾನಿಕ ಪೌರನಾಯಕ ಲಾ ಗ್ವಾರ್ಡಿಯಾ

ಫಿಯೊರೆಲ್ಲೊ ಲಾ ಗ್ವಾರ್ಡಿಯಾ ಅವರು 1882ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಇಟಲಿಯವರು, ತಾಯಿ ಟ್ರಿಯೆಸ್ಟ್ ಬಂದರಿನ ಯೆಹೂದಿ ಮನೆತನದವರು. ತಾರುಣ್ಯದಲ್ಲಿ ಎಲ್ಲಿಸ್ ದ್ವೀಪದ ದುಭಾಷಿಯಾಗಿ, ಹಡಗಿನಿಂದಿಳಿದ ವಲಸೆಗಾರರ ಅಳಲನ್ನು ಅವರ ನುಡಿಯಲ್ಲೇ ಆಲಿಸಿದರು. ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದಾಗಲೇ 1917ರಲ್ಲಿ ಸೈನ್ಯ ಸೇರಿ, ಇಟಲಿಯ ರಣರಂಗದಲ್ಲಿ ವೈಮಾನಿಕರಾಗಿ ಹೋರಾಡಿ ಮೇಜರ್ ಪದವಿಗೇರಿದರು.

ಆದರೆ ರಣಕೀರ್ತಿಯೊಂದೇ ಪೌರಾಡಳಿತದ ಬಾಗಿಲನ್ನು ತೆರೆಯಲಿಲ್ಲ. 1929ರ ಮೇಯರ್ ಚುನಾವಣೆಯಲ್ಲಿ ಹೀನಾಯವಾಗಿ ಸೋತರು. ಎದೆಗುಂದದೆ 1933ರಲ್ಲಿ ಮತ್ತೆ ನಿಂತು, ಲಂಚಕೋರತನಕ್ಕೆ ಕುಖ್ಯಾತವಾದ ಟ್ಯಾಮನಿ ಕೂಟವನ್ನು ಮಣಿಸಿದರು. 12 ವರ್ಷಗಳ ಆಡಳಿತದಲ್ಲಿ ಬಡವರಿಗೆ ಮನೆ, ಮಕ್ಕಳಿಗೆ ಆಟದ ಬಯಲು, ನಗರಕ್ಕೆ ವಿಮಾನನಿಲ್ದಾಣ ಒದಗಿಸಿದರು. 1947ರಲ್ಲಿ ಕಾಲವಶರಾದರು.

ಪ್ರಜೆಯ ದುಃಖವನ್ನು ಪ್ರಜೆಯ ನುಡಿಯಲ್ಲೇ ಆಲಿಸಬಲ್ಲವನೇ ಆಳಲು ಅರ್ಹನೆಂಬುದನ್ನು ಗಡಿನಾಡಿನ ನಾವು ಈ ಬಾಳಿನಿಂದ ಅರಿಯಬಹುದು.